ಹಳೆಯ ಉಪಗ್ರಹ ಸಮಯ ರಿಸೀವರ್ ಕೊಳ್ಳುವ ಮುನ್ನ: ಕೊಡಗಿನ ಮನೆಗೆ ಯಾವುದು ಹೊಂದುತ್ತದೆ?

ಟ್ರಿಂಬಲ್ ಕಂಪನಿಯ ಥಂಡರ್‌ಬೋಲ್ಟ್ ಕೊಳ್ಳುವುದೋ, ಎಚ್‌ಪಿ ಕಂಪನಿಯ ಪೆಟ್ಟಿಗೆ ಕೊಳ್ಳುವುದೋ? ಅಂಕಿ ಹೊಳೆಯುವ ರ‍್ಯಾಕ್ ಗಡಿಯಾರವೊಂದು ಗುಜರಿಯಲ್ಲಿ ಕಣ್ಣಿಗೆ ಬಿದ್ದಿದೆ, ಅದನ್ನು ಎತ್ತಿಕೊಂಡು ಬರುವುದೋ ಬಿಡುವುದೋ? ಕುಶಾಲನಗರದಿಂದ ಗೋಣಿಕೊಪ್ಪದವರೆಗೆ, ಉಪಗ್ರಹದಿಂದ ನಿಖರ ಸಮಯ ಹಿಡಿಯುವ ಹಳೆಯ ಪೆಟ್ಟಿಗೆಗಳನ್ನು ಮನೆಯಲ್ಲಿ ನಡೆಸುವ ಈ ಹವ್ಯಾಸಕ್ಕೆ ಹೊಸದಾಗಿ ಕೈ ಹಾಕುವವರು ಮೊದಲು ಕೇಳುವುದು ಇದನ್ನೇ. ಸಿಗುವ ಸಲಹೆಗಳಲ್ಲಿ ಬಹುಪಾಲು ಒಣಹವೆಯ, ಕರೆಂಟು ಹೋಗದ ಊರಿನವರು ಬರೆದದ್ದು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ, ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಮೇಲೆ ಸಿಡಿಲಿಗೆ ಹೆದರಬೇಕಾದ, ಮನೆ ಸುತ್ತ ಸಿಲ್ವರ್ ಓಕ್ ಸೆಟೆದು ನಿಂತ ನಮ್ಮ ಕಡೆಗೆ ಆ ಸಲಹೆಗಳನ್ನು ಹಾಗೆಯೇ ತಂದರೆ ದುಡ್ಡು ದಂಡವಾಗುತ್ತದೆ. ನಮ್ಮಲ್ಲಿ ಯಾವ ಪೆಟ್ಟಿಗೆ ಒಳ್ಳೆಯದು ಎನ್ನುವುದನ್ನು ಆಂಟೆನಾದ ಜಾಗ, ಬ್ಯಾಟರಿ ಮತ್ತು ಸಿಡಿಲು ನಿರ್ಧರಿಸುತ್ತವೆ. ಕಂಪನಿಯ ಹೆಸರು ಆಮೇಲಿನ ಮಾತು.

ಒಳಗೇನಿದೆ ಎಂಬುದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ. ಈ ಪೆಟ್ಟಿಗೆಗಳಲ್ಲಿ ಮುಖ್ಯ ಭಾಗಗಳು ಎರಡು. ಮೊದಲನೆಯದು ಜಿಪಿಎಸ್ ರಿಸೀವರ್: ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪರಮಾಣು ಗಡಿಯಾರಗಳಿಂದ ಸಮಯ ಪಡೆದು ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ಎರಡನೆಯದು ಪುಟ್ಟ ಓವನ್ನಿನೊಳಗೆ ಒಂದೇ ಶಾಖದಲ್ಲಿ ಇಟ್ಟ ಸ್ಫಟಿಕದ ಆಸಿಲೇಟರ್. ಅದರಿಂದ 10 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಒಂದು ಕೋಟಿ ಬಾರಿ ಮಿಡಿಯುವ ಸಂಕೇತ ಹೊರಡುತ್ತದೆ. ಸ್ಫಟಿಕ ಕ್ಷಣಕ್ಷಣಕ್ಕೆ ಬಹಳ ಸ್ಥಿರ, ಆದರೆ ತಿಂಗಳುಗಟ್ಟಲೆ ಬಿಟ್ಟರೆ ಮೆಲ್ಲಗೆ ಜಾರುತ್ತದೆ. ಜಿಪಿಎಸ್ ಮಿಡಿತ ಒಂದೊಂದು ಸೆಕೆಂಡಿನಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ವರ್ಷಾನುಗಟ್ಟಲೆ ಮಾತ್ರ ದಾರಿ ತಪ್ಪುವುದಿಲ್ಲ. ಓಡುವ ಎತ್ತಿಗೆ ಮೂಗುದಾರ ಹಾಕಿದಂತೆ ಜಿಪಿಎಸ್ ಈ ಸ್ಫಟಿಕವನ್ನು ಹದ್ದುಬಸ್ತಿನಲ್ಲಿಡುತ್ತದೆ. ಸಿಡಿಎಂಎ ಎಂಬ ಹಳೆಯ ಬಗೆಯ ಮೊಬೈಲ್ ಜಾಲದ ಗೋಪುರಗಳಿಗೆ ಈ ನಿಖರತೆ ಇಲ್ಲದೆ ಆಗುತ್ತಲೇ ಇರಲಿಲ್ಲ. ಆ ಜಾಲಗಳು ಮುಚ್ಚಿದ ಮೇಲೆ ಪೆಟ್ಟಿಗೆಗಳು ಗುಜರಿಗೆ ಬಂದವು. ಭಾರತದಲ್ಲೂ ಸಿಡಿಎಂಎ ಮುಚ್ಚಿತು. ಬೆಂಗಳೂರಿನ ಎಸ್‌ಪಿ ರಸ್ತೆಯ ಟೆಲಿಕಾಂ ಗುಜರಿಯಲ್ಲಿ ಕಣ್ಣಾಡಿಸುವುದು ಈ ಕಾರಣಕ್ಕೆ ಸಾರ್ಥಕ.

ಹಾಗಾದರೆ ಮೊದಲ ಅಳತೆಗೋಲು: ನಿಮಗೆ ಬೇಕಾದದ್ದು ದಿನಾಂಕ ಮತ್ತು ಗಂಟೆಯೋ, ಇಲ್ಲ ರೇಡಿಯೊ, ಅಳತೆಯ ಕೆಲಸಕ್ಕೆ ಆಧಾರವಾಗುವ ನಿಖರವಾದ 10 ಮೆಗಾಹರ್ಟ್ಸೋ? ಇದನ್ನು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಹಳೆಯ ರಿಸೀವರ್‌ಗಳಲ್ಲಿ ಕ್ಯಾಲೆಂಡರ್ ಕೆಟ್ಟಿರುತ್ತದೆ, ಆವರ್ತನ ಕೆಟ್ಟಿರುವುದಿಲ್ಲ. ಜಿಪಿಎಸ್ 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ. ಹಳೆಯ ಸಂಕೇತದಲ್ಲಿ ಆ ಎಣಿಕೆಗೆ ಇರುವುದು ಹತ್ತು ಬಿಟ್ ಮಾತ್ರ. 1024 ವಾರ, ಅಂದರೆ 7168 ದಿನ ಕಳೆದರೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಹೀಗಾಯಿತು, 2019ರ ಏಪ್ರಿಲ್‌ನಲ್ಲಿ ಮತ್ತೆ ಆಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ತಯಾರಕರು ತಮ್ಮ ಸಾಫ್ಟ್‌ವೇರ್‌ನಲ್ಲಿ ಈ ಎಣಿಕೆಯನ್ನು ಬೇರೆ ಬೇರೆ ವಾರದಿಂದ ಲೆಕ್ಕ ಹಾಕಿದ್ದರಿಂದ ಒಂದೊಂದು ಮಾದರಿ ಒಂದೊಂದು ದಿನ ಹಿಂದಕ್ಕೆ ಜಿಗಿಯಿತು. ಟ್ರಿಂಬಲ್ ಥಂಡರ್‌ಬೋಲ್ಟ್ 2017ರ ಜುಲೈ 30ರಂದು 1997ರ ಡಿಸೆಂಬರ್ 14ಕ್ಕೆ ಹೋಯಿತು. ಟಿಮ್‌ಸರ್ವ್ 2100 ಎಂಬ ಜಾಲ ಗಡಿಯಾರ 2015ರ ಮೇ 3ರಂದು 1995ರ ಸೆಪ್ಟೆಂಬರ್ 17ಕ್ಕೆ ಹೋಯಿತು. ಹಿಂದೆ ಹೋದದ್ದು ಪೂರ್ತಿ ವಾರಗಳಾದ್ದರಿಂದ ಇಂತಹ ಪೆಟ್ಟಿಗೆ ಗುರುವಾರವನ್ನು ಗುರುವಾರ ಎಂದೇ ತೋರಿಸುತ್ತದೆ. ವಾರ, ಗಂಟೆ, ನಿಮಿಷ, ಸೆಕೆಂಡು ಸರಿ, ತಾರೀಖು, ತಿಂಗಳು, ವರ್ಷ ಮಾತ್ರ ತಪ್ಪು. ಅದರ 10 ಮೆಗಾಹರ್ಟ್ಸ್‌ಗೂ ಸೆಕೆಂಡಿನ ಮಿಡಿತಕ್ಕೂ ಇದರಿಂದ ಏನೂ ಆಗಿಲ್ಲ. ‘ದಿನಾಂಕ ಸರಿ ಬರುತ್ತಿಲ್ಲ, ಹಾಳಾಗಿದೆ’ ಎಂದು ಮಾರುವವರು ಇದ್ದರೆ ಬೆಲೆ ಇಳಿಸಿ ಕೊಳ್ಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಎರಡನೆಯ ಅಳತೆಗೋಲು ಆಕಾಶ. ಒದ್ದೆ ಎಲೆಗಳ ಚಪ್ಪರ 1575.42 ಮೆಗಾಹರ್ಟ್ಸ್‌ನ ಜಿಪಿಎಸ್ ಸಂಕೇತವನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಆರು ಅಥವಾ ಎಂಟು ಚಾನೆಲ್‌ನ (ಒಮ್ಮೆಗೆ ಅಷ್ಟೇ ಉಪಗ್ರಹ ಕೇಳುವ) ಹಳೆಯ ರಿಸೀವರ್‌ಗಳಿಗೆ ಇಂದಿನ ಮೊಬೈಲಿನಷ್ಟು ಸೂಕ್ಷ್ಮ ಕಿವಿ ಇಲ್ಲ. ಬಹುತೇಕ ತೋಟದ ಮನೆಗಳಲ್ಲಿ ಆಂಟೆನಾಗೆ ಅತ್ಯುತ್ತಮ ಜಾಗ ಕಾಫಿ ಒಣಗಿಸುವ ಕಣದ ಅಂಚು. ಅಲ್ಲಿ ನೆತ್ತಿಯ ಮೇಲೆ ಮರವಿರುವುದಿಲ್ಲ. ಕಣ ಮನೆಯಿಂದ ದೂರವಿದ್ದರೆ ಕೇಬಲ್ ಉದ್ದವಾಗುತ್ತದೆ. ಅದು ದೊಡ್ಡ ತೊಂದರೆಯಲ್ಲ: ಡಿಟಿಎಚ್‌ಗೆ ಎಳೆಯುವ ಆರ್‌ಜಿ-6 ಕೇಬಲ್‌ನಲ್ಲಿ ಸಂಕೇತಕ್ಕೆ ಮೀಟರಿಗೆ ಸುಮಾರು 4 ನ್ಯಾನೊಸೆಕೆಂಡ್ ಹಿಡಿಯುತ್ತದೆ, 30 ಮೀಟರಿಗೆ 120. ಈ ಅಂಕಿಯನ್ನು ರಿಸೀವರ್‌ಗೆ ತಿಳಿಸಿದರೆ ಅದು ಕಳೆದುಕೊಳ್ಳುತ್ತದೆ.

ಇಲ್ಲಿ ಒಂದು ಸಮಾಧಾನವೂ ಇದೆ. ಸಮಯದ ರಿಸೀವರ್ ಮೊದಲು ತಾನಿರುವ ಜಾಗವನ್ನು ಸರ್ವೆ ಮಾಡಿಕೊಳ್ಳುತ್ತದೆ. ಥಂಡರ್‌ಬೋಲ್ಟ್ 2000 ಅಳತೆಗಳ ಸರಾಸರಿ ತೆಗೆಯುತ್ತದೆ. ಜಾಗ ಒಮ್ಮೆ ನಿಶ್ಚಿತವಾದರೆ ಆಮೇಲೆ ಸಮಯ ಹೇಳಲು ಒಂದೇ ಉಪಗ್ರಹ ಸಾಕು. ಆದ್ದರಿಂದ ಸರ್ವೆಯನ್ನು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದು ಕೊಂಬೆಗಳು ಬಯಲಾದಾಗ, ಒಣ ದಿನ ನೋಡಿ ಮಾಡಿಸಿ. ಜುಲೈನ ಮಳೆಯಲ್ಲಿ ಎರಡು ಮೂರು ಉಪಗ್ರಹ ಮಾತ್ರ ಕಂಡರೂ ಪೆಟ್ಟಿಗೆ ನಡೆಯುತ್ತದೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ನೋಡುತ್ತೇನೆ: ಸಿಡಿಲು ಮತ್ತು ಕರೆಂಟು. ಹೂಮಳೆಯ ಕಾಲದಿಂದ ಮುಂಗಾರು ಕಾಲಿಡುವವರೆಗೆ ಗುಡುಗು ಹತ್ತಿರ ಬರುವ ಮೊದಲೇ ಆಂಟೆನಾ ಕೇಬಲನ್ನು ಕಿತ್ತು ಕಿಟಕಿಯ ಆಚೆ ಬಿಡಬೇಕು. ಮನೆಯೊಳಗೆ ಬರುವ ಜಾಗದಲ್ಲಿ ವಿದ್ಯುತ್ತಿನ ಹಠಾತ್ ಏರಿಕೆಯನ್ನು ನೆಲಕ್ಕಿಳಿಸುವ ಗ್ಯಾಸ್ ಟ್ಯೂಬ್ ರಕ್ಷಕ, ಅದಕ್ಕೆ ದಪ್ಪ ತಾಮ್ರದ ತಂತಿಯ ಅರ್ತ್ ಇದ್ದೇ ಇರಲಿ. ಆದರೆ ನೇರ ಸಿಡಿಲಿಗೆ ಅದು ತಡೆಯಲ್ಲ. ಕೇಬಲ್ ಕಿತ್ತ ಮೇಲೆ ಪೆಟ್ಟಿಗೆ ಉಪಗ್ರಹದ ಆಸರೆ ಇಲ್ಲದೆ ತನ್ನ ಸ್ಫಟಿಕವನ್ನೇ ನಂಬಿ ನಡೆಯಬೇಕು. ಇದನ್ನು ಹೋಲ್ಡೋವರ್ ಎನ್ನುತ್ತಾರೆ. ಸ್ಫಟಿಕ ಸಾವಿರ ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ಒಂದು ದಿನದಲ್ಲಿ ಸಮಯ 8.64 ಮೈಕ್ರೋಸೆಕೆಂಡ್ ಜಾರುತ್ತದೆ. ಬೇರೆ ಊರಿನಲ್ಲಿ ಎಂದೋ ಒಮ್ಮೆ ಉಪಯೋಗಕ್ಕೆ ಬರುವ ಈ ಗುಣ ನಮ್ಮಲ್ಲಿ ವರ್ಷದ ಎರಡು ಮೂರು ತಿಂಗಳು ದಿನನಿತ್ಯ ಕೆಲಸಕ್ಕೆ ಬೀಳುತ್ತದೆ. ಆದ್ದರಿಂದ ಒಳ್ಳೆಯ ಓವನ್ನಿಗೆ ಕೊಡುವ ಹೆಚ್ಚಿನ ಹಣ ಇಲ್ಲಿ ವ್ಯರ್ಥವಲ್ಲ.

ಕರೆಂಟಿನದು ಬೇರೆಯೇ ಕಥೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಓವನ್ ತಣ್ಣಗಾಗುತ್ತದೆ. ಮತ್ತೆ ಬಿಸಿಯಾದ ಸ್ಫಟಿಕ ಮೊದಲಿದ್ದ ನೆಲೆಗೇ ಸರಿಯಾಗಿ ಬರುವುದಿಲ್ಲ, ನೆಲೆಗೊಳ್ಳಲು ದಿನಗಟ್ಟಲೆ ಹಿಡಿಯುತ್ತದೆ. ದಿನಕ್ಕೆರಡು ಬಾರಿ ಆರಿ ಹೊತ್ತುವ ಪೆಟ್ಟಿಗೆಯಿಂದ ನಿಖರತೆ ನಿರೀಕ್ಷಿಸುವಂತಿಲ್ಲ. ಬ್ಯಾಟರಿಗೆ ದುಡ್ಡು ಎತ್ತಿಟ್ಟ ಮೇಲೆಯೇ ರಿಸೀವರ್ ಬೆಲೆ ಕೇಳಿ. ಪೆಟ್ಟಿಗೆ 20 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 14.4 ಯೂನಿಟ್, ಬಿಲ್ಲಿಗೆ ಹೊರೆಯಲ್ಲ, ಆದರೆ ರಾತ್ರಿಯೆಲ್ಲ ಕರೆಂಟಿಲ್ಲದ ದಿನ ಮನೆಯ ಇನ್ವರ್ಟರ್ ಮೇಲೆ ಖಂಡಿತ ಹೊರೆ.

ತೇವದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸದಾ ಚಾಲೂ ಇರುವ ರಿಸೀವರ್ ತನ್ನ ಓವನ್ನಿನ ಶಾಖಕ್ಕೇ ಒಣಗಿರುತ್ತದೆ. ಬೂಷ್ಟು ಹಿಡಿಯುವುದು, ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಕೂರುವುದು ಕಪಾಟಿನಲ್ಲಿಟ್ಟ ಪೆಟ್ಟಿಗೆಗೆ. ಗಾಳಿ ಕಿಂಡಿಗಳಲ್ಲಿ ಇರುವೆಯೂ ಕಣಜವೂ ಗೂಡು ಮಾಡುತ್ತವೆ, ಸಣ್ಣ ಕಣ್ಣಿನ ಜಾಲರಿ ಅಂಟಿಸಿ.

ಇನ್ನು ಒಂದೊಂದಾಗಿ ಪೆಟ್ಟಿಗೆಗಳನ್ನು ನೋಡೋಣ.

ಟ್ರಿಂಬಲ್ ಥಂಡರ್‌ಬೋಲ್ಟ್ ಹೊಸಬರಿಗೆ ನಾನು ಮೊದಲು ಹೇಳುವ ಹೆಸರು. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಎಂಟು ಚಾನೆಲ್, ಕಂಪ್ಯೂಟರ್‌ಗೆ ಜೋಡಿಸಲು ಒಂದು ಸೀರಿಯಲ್ ಪೋರ್ಟ್. ಅದರ ಆಂಟೆನಾ ಕನೆಕ್ಟರ್ ಎಫ್ ಮಾದರಿಯದು, ಅಂದರೆ ಟಿವಿ ಡಿಶ್‌ನದೇ. ಸೋಮವಾರಪೇಟೆಯ ಕೇಬಲ್ ಅಂಗಡಿಯಲ್ಲಿ ಸಿಗುವ ತಂತಿ, ಪಿನ್ನು ಎರಡೂ ನೇರವಾಗಿ ಕೂರುತ್ತವೆ. ಲೇಡಿ ಹೆದರ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿದರೆ ಉಪಗ್ರಹಗಳು, ಓವನ್ನಿನ ತಾಪ, ಸ್ಫಟಿಕಕ್ಕೆ ಕೊಡುತ್ತಿರುವ ತಿದ್ದುಪಡಿಯ ವೋಲ್ಟೇಜು ಎಲ್ಲವೂ ಗೆರೆಗಳಾಗಿ ಪರದೆಯ ಮೇಲೆ ಹರಿಯುತ್ತವೆ; 1024 ವಾರದ ತಪ್ಪನ್ನೂ ಅದೇ ಸರಿಪಡಿಸಿ ತೋರಿಸುತ್ತದೆ. ತೊಂದರೆ ಇರುವುದು ವಿದ್ಯುತ್ತಿನಲ್ಲಿ: ಇದಕ್ಕೆ +5, +12, -12 ಹೀಗೆ ಮೂರು ವೋಲ್ಟೇಜು ಬೇಕು. 12 ವೋಲ್ಟ್ ಬ್ಯಾಟರಿಯಿಂದ ಮೂರನ್ನೂ ಪಡೆಯಲು ಪರಿವರ್ತಕ ಬೇಕು. ಅಗ್ಗದ ಪರಿವರ್ತಕದ ಸದ್ದು 10 ಮೆಗಾಹರ್ಟ್ಸ್‌ಗೆ ಅಂಟಿಕೊಂಡು ಬರುತ್ತದೆ. ಪರಿವರ್ತಕದ ನಂತರ ಆ ಸದ್ದನ್ನು ತಗ್ಗಿಸುವ ಲೀನಿಯರ್ ರೆಗ್ಯುಲೇಟರ್ ಹಾಕುವುದು ಬೆಸುಗೆ ಬಲ್ಲವರಿಗೆ ಒಂದು ಸಂಜೆಯ ಕೆಲಸ. ಓವನ್ ಒಳ್ಳೆಯದೇ, ಆದರೆ ಗಂಟೆಗಟ್ಟಲೆ ಹೋಲ್ಡೋವರ್‌ನಲ್ಲಿ ಮುಂದೆ ಹೇಳುವ ಎಚ್‌ಪಿಗೆ ಸಮನಲ್ಲ.

ಎಚ್‌ಪಿ ಝಡ್3801ಎ ಸಿಡಿಎಂಎ ಗೋಪುರಗಳಿಗಾಗಿಯೇ ಮಾಡಿದ್ದು. ಇದರ ಮುಚ್ಚಳ ಬಿಚ್ಚಿದರೆ ಆ ಕಾಲದ ಇಂಜಿನಿಯರ್‌ಗಳ ಶ್ರದ್ಧೆ ಕಣ್ಣಿಗೆ ಕಾಣುತ್ತದೆ. ಎಚ್‌ಪಿಯ ಪ್ರಸಿದ್ಧ 10811 ಸರಣಿಯ ಆಸಿಲೇಟರನ್ನು ಇನ್ನೊಂದು ಓವನ್ನಿನೊಳಗೆ ಕೂರಿಸಿದ್ದಾರೆ, ಹೊರಗಿನ ಚಳಿ ಬಿಸಿಲು ಒಳಗೆ ತಟ್ಟುವುದೇ ಇಲ್ಲ ಎನ್ನುವಷ್ಟು. ಮೊಟೊರೋಲಾ ಆನ್‌ಕೋರ್ ರಿಸೀವರ್ ಬೇರೆ ಫಲಕದ ಮೇಲಿರುವುದರಿಂದ ಅದು ಸತ್ತರೂ ಇಡೀ ಪೆಟ್ಟಿಗೆ ಸಾಯುವುದಿಲ್ಲ. ಉಪಗ್ರಹ ಕಾಣುವಾಗ ಈ ಯಂತ್ರ ತನ್ನ ಸ್ಫಟಿಕ ಎಷ್ಟು ವೇಗವಾಗಿ ಮುಪ್ಪಾಗುತ್ತಿದೆ ಎಂಬುದನ್ನು ಕಲಿತುಕೊಳ್ಳುತ್ತದೆ. ಕೇಬಲ್ ಕಿತ್ತಾಗ ಆ ಕಲಿಕೆಯ ಆಧಾರದ ಮೇಲೆ ತಾನೇ ತಿದ್ದಿಕೊಳ್ಳುತ್ತದೆ. ಸಿಡಿಲಿನ ನಾಡಿಗೆ ಹೇಳಿ ಮಾಡಿಸಿದ ಗುಣ ಇದು. ಟೆಲಿಕಾಂ ಪೆಟ್ಟಿಗೆಯಾದ್ದರಿಂದ ಹೆಚ್ಚಿನವು 48 ವೋಲ್ಟ್ ಡಿಸಿ ಕೇಳುತ್ತವೆ. ನಾಲ್ಕು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ ಯಾವ ಪರಿವರ್ತಕವೂ ಇಲ್ಲದೆ ಇಡೀ ರಾತ್ರಿ ನಡೆಯುತ್ತದೆ. ಟೆಲಿಕಾಂನಲ್ಲಿ ಪಾಸಿಟಿವ್ ತುದಿಯನ್ನು ಅರ್ತ್ ಮಾಡುವ ರೂಢಿ ಇದೆ, ಆದ್ದರಿಂದ ತಂತಿ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು ಎರಡು ಬಾರಿ ನೋಡಿ. ಸೀರಿಯಲ್ ಪೋರ್ಟ್ ಆರ್‌ಎಸ್-422 ಮಾದರಿಯದಾಗಿದ್ದರೆ, ಕಂಪ್ಯೂಟರ್‌ಗೆ ಹೊಂದುವ ಆರ್‌ಎಸ್-232ಕ್ಕೆ ಬದಲಿಸಲು ಒಳಗಿನ ಪುಟ್ಟ ಜಂಪರ್ ರೆಸಿಸ್ಟರ್‌ಗಳನ್ನು ಸರಿಸಬೇಕು, ಇಲ್ಲವೇ ಹೊರಗೊಂದು ಅಡಾಪ್ಟರ್ ಹಾಕಬೇಕು. ಕಂಪ್ಯೂಟರ್‌ನಲ್ಲಿ ಈ ಪೋರ್ಟಿಗೆ ಇಡಬೇಕಾದ ಸೆಟ್ಟಿಂಗ್ 19200 ಬಾಡ್, 7 ಬಿಟ್, ಆಡ್ ಪ್ಯಾರಿಟಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯ 8 ಬಿಟ್‌ನಲ್ಲಿ ಮಾತಾಡಿಸಿದರೆ ಬರುವುದೆಲ್ಲ ಕಸ. ಇದರ ಅಣ್ಣನಂತಿರುವ 58503ಎ ಪ್ರಯೋಗಾಲಯಕ್ಕಾಗಿ ಮಾಡಿದ್ದು, ಮನೆಯ ಎಸಿ ಕರೆಂಟಿಗೇ ನಡೆಯುತ್ತದೆ, ಬೆಲೆಯೂ ಹೆಚ್ಚು. ಬ್ಯಾಟರಿ ಕಟ್ಟುವ ಉಸಾಬರಿ ಬೇಡ, ಒಳ್ಳೆಯ ಯುಪಿಎಸ್ ಆಗಲೇ ಇದೆ ಎನ್ನುವವರು ಮಾತ್ರ ಅದನ್ನು ಯೋಚಿಸಲಿ.

ಇವೆರಡರಲ್ಲಿ ಯಾವುದನ್ನು ಕೊಂಡರೂ ಮಾರುವವರಿಂದ ಒಂದು ಚಿತ್ರ ಕೇಳಿ ಪಡೆಯಿರಿ: ಸ್ಫಟಿಕದ ತಿದ್ದುಪಡಿ ಎಷ್ಟಿದೆ ಎಂದು ತೋರಿಸುವ ಪರದೆ. ಥಂಡರ್‌ಬೋಲ್ಟ್ ಅದನ್ನು ವೋಲ್ಟಿನಲ್ಲಿ ಹೇಳುತ್ತದೆ, ಎಚ್‌ಪಿ ಶೇಕಡಾವಾರು ಹೇಳುತ್ತದೆ. ನಡುಮಧ್ಯದ ಹತ್ತಿರವಿದ್ದರೆ ಸ್ಫಟಿಕಕ್ಕೆ ಇನ್ನೂ ಬಹಳ ಆಯುಷ್ಯವಿದೆ. ಶೇಕಡಾ 90 ದಾಟಿದ್ದರೆ ಅದು ಗಡಿಯ ಬಳಿ ನಿಂತಿದೆ. ಇನ್ನು ಸ್ವಲ್ಪ ಮುಪ್ಪಾದರೆ ಜಿಪಿಎಸ್ ಎಷ್ಟೇ ಜಗ್ಗಿದರೂ 10 ಮೆಗಾಹರ್ಟ್ಸ್‌ಗೆ ಬರುವುದಿಲ್ಲ. ಹೊರಮೈಯ ಗೀರು, ತುಕ್ಕು ನೋಡಿ ಬೆಲೆ ಕಟ್ಟುವುದಕ್ಕಿಂತ ಈ ಒಂದು ಅಂಕಿ ನೋಡಿ ಕಟ್ಟುವುದು ಜಾಣತನ.

ರ‍್ಯಾಕ್ ಗಡಿಯಾರಗಳು ನೋಡಲು ಚೆಂದ. ಟ್ರೂಟೈಮ್ ಎಕ್ಸ್‌ಎಲ್-ಡಿಸಿ, ಟಿಮ್‌ಸರ್ವ್, ಮೈನ್‌ಬರ್ಗ್‌ನಂಥವು ವಿದ್ಯುತ್ ಗ್ರಿಡ್‌ಗಳಿಗೆ, ಪ್ರಸಾರ ಕೇಂದ್ರಗಳಿಗೆ, ಕಂಪ್ಯೂಟರ್ ಜಾಲಗಳಿಗೆ ಸಮಯ ಕೊಟ್ಟಂಥವು. ಆದರೆ ಇವುಗಳ ಕೆಲಸವೇ ದಿನಾಂಕ ಮತ್ತು ಗಂಟೆ ತೋರಿಸುವುದು, ವಾರದ ಎಣಿಕೆ ಕೆಡಿಸುವುದೂ ಅದನ್ನೇ. ತಯಾರಕರ ಹೊಸ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ತಂತ್ರಾಂಶ) ಇಲ್ಲದಿದ್ದರೆ ತಪ್ಪು ದಿನಾಂಕವನ್ನು ಮುಂಭಾಗದಲ್ಲೇ ನೋಡುತ್ತ ಕೂರಬೇಕು. ಇನ್ನೊಂದು ತೊಡಕು ಆಂಟೆನಾದ್ದು. ಮೈನ್‌ಬರ್ಗ್‌ನ ಹಲವು ರಿಸೀವರ್‌ಗಳು ಕೇಬಲ್ ಮೂಲಕ 10 ಮೆಗಾಹರ್ಟ್ಸ್ ಮೇಲಕ್ಕೆ ಕಳುಹಿಸಿ, ಆಂಟೆನಾದಲ್ಲೇ ಸಂಕೇತವನ್ನು ಸುಮಾರು 35.4 ಮೆಗಾಹರ್ಟ್ಸ್‌ಗೆ ಇಳಿಸಿಕೊಂಡು ಕೆಳಗೆ ತರಿಸಿಕೊಳ್ಳುತ್ತವೆ. ಸಾಮಾನ್ಯ ಜಿಪಿಎಸ್ ಆಂಟೆನಾ ಸಿಕ್ಕಿಸಿದರೆ ಏನೂ ಕೇಳಿಸದು. ಉದ್ದ ಕೇಬಲ್‌ಗೆ ಈ ಪದ್ಧತಿ ಬಹಳ ಒಳ್ಳೆಯದು, ದೂರದ ಕಣಕ್ಕೆ ಎಳೆಯುವವರಿಗೆ ವರವೇ ಸರಿ. ಆದರೆ ಜೊತೆಯ ಆಂಟೆನಾ ಇಲ್ಲದೆ ಪೆಟ್ಟಿಗೆ ಮಾತ್ರ ಮಾರುತ್ತಿದ್ದರೆ ಕೈ ಹಾಕಬೇಡಿ.

ಜಿಪಿಎಸ್‌ಗಿಂತಲೂ ಹಿಂದಿನ ಉಪಗ್ರಹ ಗಡಿಯಾರಗಳ ಮೇಲೆ ಕೆಲವರಿಗೆ ಪ್ರೀತಿ. ಕೈನೆಮೆಟ್ರಿಕ್ಸ್-ಟ್ರೂಟೈಮ್ 468-ಡಿಸಿ ಅಮೆರಿಕದ ಗೋಸ್ ಹವಾಮಾನ ಉಪಗ್ರಹಗಳು 468 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುತ್ತಿದ್ದ ಸಮಯ ಸಂಕೇತ ಹಿಡಿಯುತ್ತಿತ್ತು. ಆ ಸೇವೆ 2005ರ ಜನವರಿ 1ಕ್ಕೆ ನಿಂತಿತು, ಆ ಉಪಗ್ರಹಗಳು ನಮ್ಮ ದಿಗಂತದ ಮೇಲೆ ಬರುವವೂ ಅಲ್ಲ. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಇನ್ಸಾಟ್ ಮೂಲಕ ಸಮಯ ಪ್ರಸಾರ ಮಾಡುತ್ತಿದ್ದ ಕಾಲವೊಂದಿತ್ತು. ಇನ್ಸಾಟ್‌ಗಳ ಮುಖ್ಯ ನಿಯಂತ್ರಣ ಕೇಂದ್ರ ಪಕ್ಕದ ಹಾಸನದಲ್ಲೇ ಇದೆ. ಆ ಕಾಲದ ರಿಸೀವರ್ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ, ನಮ್ಮದೇ ಚರಿತ್ರೆಯ ತುಣುಕು ಅದು. ಇವನ್ನು ಮತ್ತೆ ನಡೆಸಬೇಕಾದರೆ ಕಾಣೆಯಾದ ಸಂಕೇತವನ್ನು ಮೈಕ್ರೋಕಂಟ್ರೋಲರ್‌ನಿಂದ ನಾವೇ ಸೃಷ್ಟಿಸಿ ತಂತಿಯ ಮೂಲಕ ಉಣಿಸಬೇಕು. ಗಾಳಿಯಲ್ಲಿ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಉಪಯೋಗ ಕೇಳದೆ ದುರಸ್ತಿಯ ಸುಖಕ್ಕಾಗಿಯೇ ಕೂರುವವರಿಗೆ ಇದರಷ್ಟು ತೃಪ್ತಿ ಬೇರೆಯದರಲ್ಲಿ ಇಲ್ಲ.

ರುಬಿಡಿಯಂ ಪರಮಾಣುಗಳ ಆಧಾರದಿಂದ ನಿಖರ ಆವರ್ತನ ಕೊಡುವ ಘಟಕಗಳ ಬಗ್ಗೆಯೂ ಕೇಳುತ್ತಾರೆ. ಎಲ್‌ಪಿಆರ್‌ಒ-101, ಎಫ್‌ಇ-5680ಎ ಗುಜರಿಯಲ್ಲಿ ಸಿಗುವ ಹೆಸರುಗಳು. ಅವು ಆಕಾಶ ನೋಡುವುದಿಲ್ಲ, ಸಿಡಿಲಿಗೆ ಹೆದರಬೇಕಿಲ್ಲ, ಹೊತ್ತಿಸಿದ ಕೆಲವು ನಿಮಿಷಗಳಲ್ಲೇ ನೆಲೆಗೆ ಬರುತ್ತವೆ. ಆದರೆ ಒಳಗಿನ ದೀಪಕ್ಕೆ ಆಯುಷ್ಯವಿದೆ, ತಳಕ್ಕೆ ದಪ್ಪ ಅಲ್ಯೂಮಿನಿಯಂ ಹಲಗೆ ಬೇಕು, ಸಮಯವಂತೂ ಅವಕ್ಕೆ ಗೊತ್ತಿಲ್ಲ. ಜಿಪಿಎಸ್ ಪೆಟ್ಟಿಗೆಯೊಂದು ಮನೆಯಲ್ಲಿ ನೆಲೆನಿಂತ ಮೇಲೆ ಎರಡನೆಯದಾಗಿ ಕೊಳ್ಳಬಹುದು.

ಹಳೆಯದು ಬೇಕೇ ಬೇಕೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಯು-ಬ್ಲಾಕ್ಸ್ ಕಂಪನಿಯ ಎಂ8ಟಿಯಂಥ ಸಮಯದ ಮಾಡ್ಯೂಲ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಸರಿಯಾದ ದಿನಾಂಕ ಹೇಳುತ್ತದೆ, ಎಲೆಗಳ ಕೆಳಗೂ ಕೇಳಿಸಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದರೆ ಮನೆಯ ಕಂಪ್ಯೂಟರ್‌ಗಳಿಗೆಲ್ಲ ಸಮಯ ಹಂಚುತ್ತದೆ. ಕೇವಲ ಗಂಟೆ ಬೇಕಾದವರು ಹಳೆಯದರ ತಂಟೆಗೆ ಹೋಗಬಾರದು. ಮತ್ತೊಂದು ವಿಷಯ: ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರದವರು, ಇಲ್ಲಿ ಅಯಾನುಮಂಡಲ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಸಂಜೆಯ ಮೇಲೆ ಕಲಕುತ್ತದೆ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ಒಂದೇ ಆವರ್ತನ ಕೇಳುವ ಹಳೆಯ ರಿಸೀವರ್‌ಗಳ ಸಮಯ ಇದರಿಂದ ಹತ್ತಾರು ನ್ಯಾನೊಸೆಕೆಂಡ್ ಓಲಾಡುತ್ತದೆ. ಎರಡು ಆವರ್ತನ ಕೇಳುವ, ಅದೇ ಕಂಪನಿಯ ಝಡ್‌ಇಡಿ-ಎಫ್9ಟಿ ಮಾಡ್ಯೂಲ್ ಈ ತಪ್ಪನ್ನು ಬಹುಪಾಲು ಕಳೆದುಹಾಕುತ್ತದೆ, ಬೆಲೆ ಮಾತ್ರ ಹಲವು ಪಟ್ಟು. ಆದರೆ ಇವು ಬರಿಯ ಮಾಡ್ಯೂಲ್‌ಗಳು, ಇವುಗಳಲ್ಲಿ ಒಳ್ಳೆಯ ಓವನ್ ಇಲ್ಲ. ರೇಡಿಯೊ ಕೆಲಸಕ್ಕೆ ಬೇಕಾದ ಶುದ್ಧ 10 ಮೆಗಾಹರ್ಟ್ಸ್ ಇವುಗಳಿಂದ ನೇರವಾಗಿ ಬರುವುದಿಲ್ಲ.

ಅದು ಯಾರಿಗೆ ಬೇಕು ಎಂದರೆ, ಉದಾಹರಣೆಗೆ, ಕ್ಯೂಒ-100 ಕೇಳುವವರಿಗೆ. ರೇಡಿಯೊ ಹವ್ಯಾಸಿಗಳ ಈ ಭೂಸ್ಥಿರ ಉಪಗ್ರಹ ಕೊಡಗಿನಿಂದ ಪಶ್ಚಿಮಕ್ಕೆ, ದಿಗಂತದಿಂದ ಸುಮಾರು 32 ಡಿಗ್ರಿ ಮೇಲೆ ಕಾಣುತ್ತದೆ. ಪಡುವಣಕ್ಕೆ ಬೆಟ್ಟ ಅಡ್ಡವಿಲ್ಲದ ಮನೆಯಾಗಬೇಕು, ಅಷ್ಟೆ. ಅದರ ಸಂಕೇತ ಬರುವುದು 10 ಗಿಗಾಹರ್ಟ್ಸ್ ಮೇಲೆ. ಅಲ್ಲಿ ಹತ್ತು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ 100 ಹರ್ಟ್ಸ್ ಜಾರಿದಂತೆ; ಡಿಶ್‌ನ ಎಲ್‌ಎನ್‌ಬಿಯಲ್ಲಿರುವ (ಡಿಶ್ ಮುಂದೆ ನಿಂತು ಸಂಕೇತ ಹಿಡಿಯುವ ಭಾಗ) ಅಗ್ಗದ ಸ್ಫಟಿಕ ಸಾವಿರಾರು ಹರ್ಟ್ಸ್ ಜಾರುತ್ತದೆ. ಥಂಡರ್‌ಬೋಲ್ಟ್‌ನ 10 ಮೆಗಾಹರ್ಟ್ಸ್‌ಗೆ ಎಲ್‌ಎನ್‌ಬಿಯನ್ನು ಕಟ್ಟಿಹಾಕಿದರೆ ದನಿ ಇದ್ದಲ್ಲೇ ನಿಲ್ಲುತ್ತದೆ.

ದುಡ್ಡಿನ ಲೆಕ್ಕದಲ್ಲಿ ನನ್ನ ತೀರ್ಪು ಹೀಗೆ. ಕೈಯಲ್ಲಿ ಕಡಿಮೆ ಇದ್ದು ಸಮಯ ಮಾತ್ರ ಬೇಕಾದರೆ ಹೊಸ ಮಾಡ್ಯೂಲ್. ರೇಡಿಯೊ, ಅಳತೆಯ ಕೆಲಸಕ್ಕೆ, ಆಕಾಶ ತೆರೆದ ಮನೆಗೆ ಥಂಡರ್‌ಬೋಲ್ಟ್. ಭಾಗಮಂಡಲ, ನಾಪೋಕ್ಲು ಕಡೆಯ ಮಳೆ ಜಾಸ್ತಿಯ ಜಾಗ, ಕೇಬಲ್ ಆಗಾಗ ಕೀಳಬೇಕಾದ ಮನೆ, ನಾಲ್ಕು ಬ್ಯಾಟರಿ ಇಡಲು ಸ್ಥಳ, ಇಷ್ಟಿದ್ದರೆ ಎಚ್‌ಪಿ ಝಡ್3801ಎಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವಿದೇಶದಿಂದ ತರಿಸುವವರು ಬೆಲೆಯ ಜೊತೆ ಸಾಗಣೆ, ಸುಂಕ ಸೇರಿಸಿ ನೋಡಲಿ. ಬಳಸಿದ ಎಲೆಕ್ಟ್ರಾನಿಕ್ ಸಾಮಾನಿನ ಆಮದಿಗೆ ನಿರ್ಬಂಧಗಳೂ ಇವೆ, ಆರ್ಡರ್ ಮಾಡುವ ಮೊದಲೇ ವಿಚಾರಿಸುವುದು ಕ್ಷೇಮ.

ಕೊಂಡು ತಂದ ದಿನವೇ ಸ್ವಿಚ್ ಹಾಕಬೇಡಿ. ಮುಚ್ಚಳ ತೆಗೆದು ಹೊಗೆಗೂಡಿನಿಂದ ದೂರ, ಮಸಿ ಧೂಳಿಲ್ಲದ ಬೆಚ್ಚಗಿನ ಒಣ ಕೋಣೆಯಲ್ಲಿ ಒಂದೆರಡು ದಿನ ಇಡಿ. ಉಬ್ಬಿದ, ಸೋರಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ವಿದ್ಯುತ್ ಸಾಲಿನ ಟ್ಯಾಂಟಲಮ್ ಕೆಪಾಸಿಟರ್‌ಗಳು ಶಾರ್ಟ್ ಆಗಿಲ್ಲವೆಂದು ಮೀಟರಿನಿಂದ ನೋಡಿ. ಆಮೇಲೆ ಕರೆಂಟಿನ ಮಿತಿ ಇಡಬಹುದಾದ ಸಪ್ಲೈನಿಂದ ಹೊತ್ತಿಸಿ. ಓವನ್ ಬಿಸಿಯಾಗುವಾಗ ಹೆಚ್ಚು ಎಳೆದು ಆಮೇಲೆ ಇಳಿಯುತ್ತದೆ. ಇಳಿಯದೆ ಹಾಗೆಯೇ ನಿಂತರೆ ಓವನ್ನಿನ ನಿಯಂತ್ರಣ ಕೆಟ್ಟಿದೆ ಎಂದರ್ಥ, ತಕ್ಷಣ ಆರಿಸಿ. ಆಂಟೆನಾ ಕನೆಕ್ಟರ್‌ನ ನಡುವಿನ ಪಿನ್ನಿನಲ್ಲಿ 5 ವೋಲ್ಟ್ ಇದೆಯೇ ನೋಡಿ, ನಿಮ್ಮ ಆಂಟೆನಾ ಕೇಳುವುದೂ ಅಷ್ಟೇ ಎಂದು ಖಚಿತವಾದ ಮೇಲೆ ಕೇಬಲ್ ಸಿಕ್ಕಿಸಿ. ಕ್ಯಾಲೆಂಡರ್ ಇಪ್ಪತ್ತು ವರ್ಷ ಹಿಂದಿರುವ ಹಳೆಯ ರಿಸೀವರ್ ಉಪಗ್ರಹಗಳನ್ನು ಮೊದಲ ಬಾರಿ ಹುಡುಕಲು ಬಹಳ ಹೊತ್ತು ತೆಗೆದುಕೊಳ್ಳಬಹುದು. ಒಂದು ರಾತ್ರಿ ಪೂರ್ತಿ ಬಿಟ್ಟು, ಬೆಳಿಗ್ಗೆಯೂ ಒಂದು ಉಪಗ್ರಹವೂ ಕಾಣದಿದ್ದರೆ ಮಾತ್ರ ರಿಸೀವರನ್ನು ಅನುಮಾನಿಸಿ; ಅದಕ್ಕೂ ಮೊದಲು ಆಂಟೆನಾವನ್ನು ಕಣಕ್ಕೆ ಒಯ್ದು ನೋಡಿ.